ಮೇಣದ ಗ್ರಿಜೆಲಮ್ಮನವರಿಗೆ, ಅವರ ಕುರ್ಚಿಯಲ್ಲಿ ಒಂದು ಬೆಳಗ್ಗೆ ಕೂತವಳಿಂದ

ಪೋರ್ಟ್‌ಕ್ರೇಗಿ, ಸೋಮವಾರ

ಮಾನ್ಯ ಗ್ರಿಜೆಲಮ್ಮನವರೇ,

ಬಂದರುಬೀದಿಯ ಹದಿನಾಲ್ಕನೇ ನಂಬರಿನ ಮೀನುಗಾರರ ಮನೆಯಲ್ಲಿ ಹನ್ನೆರಡು ವರ್ಷ ಒಲೆಯ ಮುಂದೆ ಕೂತು, ಊರು ನೋಡಲು ಬಂದವರಿಗೆಲ್ಲ ದರ್ಶನ ಕೊಟ್ಟು, ಈಗ ಹಿಂದಿನ ಬಲೆಕೋಣೆಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿಕೊಂಡು, ಅಂದರೆ ಮುಖವೆಂದು ಕರೆಯಲು ಏನು ಉಳಿದಿದೆಯೋ ಅದನ್ನು ಮಾಡಿಕೊಂಡು, ವಿಶ್ರಾಂತಿ ಪಡೆಯುತ್ತಿರುವ ತಮಗೆ ಅದೇ ಬೀದಿಯ ಇಪ್ಪತ್ತನೇ ನಂಬರಿನ ಜೆಸ್ಸಿ-ಆ್ಯನ್ ಮೇರ್ ಎಂಬ ಹೆಂಗಸಿನ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬುವುದು ಕಷ್ಟ. ನಾನು ಬಲಗೈಯ ಮೂರು ಬೆರಳು ಬಿಟ್ಟು ಉಳಿದಂತೆ ಕ್ಷೇಮ. ದೇವರು ದೊಡ್ಡವನು.

ತಾವು ಈ ಪತ್ರ ಓದಲಾರಿರಿ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಇದರ ಒಂದು ಪ್ರತಿಯನ್ನು ಬಂದರಿನ ಐಸ್ ಮನೆಯ ಗೋಡೆಯ ಮೇಲೆ, ಉಬ್ಬರವಿಳಿತದ ಪಟ್ಟಿಯ ಕೆಳಗೆ ಅಂಟಿಸುತ್ತಿದ್ದೇನೆ. ಆ ಪಟ್ಟಿ ನೋಡದವರು ಈ ಊರಿನಲ್ಲಿ ಯಾರೂ ಇಲ್ಲ. ಇನ್ನೊಂದು ಪ್ರತಿ ಇವತ್ತಿನ ಟಪಾಲಿನಲ್ಲಿ ಎಡಿನ್‌ಬರೋಗೆ ಹೋಗುತ್ತದೆ. ನಾನು ಹೆಚ್ಚು ಓದಿದವಳಲ್ಲ, ನಮ್ಮೂರಿನ ಶಾಲೆಯಲ್ಲಿ ಕಲಿತದ್ದು ಬೈಬಲ್ ಓದುವುದಕ್ಕೂ ಮೀನಿನ ಪೆಟ್ಟಿಗೆಗೆ ಚೀಟಿ ಬರೆಯುವುದಕ್ಕೂ ಸಾಕಾಗಿದೆ. ಆದ್ದರಿಂದ ತಮ್ಮಂಥ ದೊಡ್ಡವರಿಗೆ ಬರೆಯುವ ರೀತಿಯಲ್ಲಿ ಏನಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೊಟ್ಟೆಯಲ್ಲಿ ಹುಲ್ಲಿರುವುದರಿಂದ ಜಾಗಕ್ಕೆ ತೊಂದರೆಯಿಲ್ಲ.

ತಾವು ಹುಟ್ಟಾ ನಮ್ಮೂರಿನವರಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ಒಳನಾಡಿನ ಯಾವುದೋ ಕೋಟೆಯಲ್ಲಿ ಮೇಣದ ದೊರೆಸಾನಿಯಾಗಿ ನಿಂತಿದ್ದವರು, ಆ ಕೋಟೆಯ ಮಾಡು ಸೋರತೊಡಗಿದ ಮೇಲೆ, ಹಳೆಯ ಮೀನುಗಾರರ ಮನೆಯೊಂದನ್ನು ಪ್ರದರ್ಶನಕ್ಕಿಟ್ಟಿರುವ ನಮ್ಮ ಪರಂಪರೆ ಸಮಿತಿಯ ಕೈಸೇರಿದಿರಿ. ನಿಂತವರನ್ನು ಮಡಿಸಿ ಕೂರಿಸುವಾಗ ಸೊಂಟದಲ್ಲಿ ಬಿರುಕು ಬಿಟ್ಟಿತು. ಬಲೆ ಹೊಲಿಯುವ ದಬ್ಬಳದಿಂದ ಹೊಲಿದವಳು ನಾನೇ. ರೇಷ್ಮೆ ಬಿಚ್ಚಿ ನಮ್ಮಜ್ಜಿ ಎಲ್‌ಸ್ಪೆಟ್‌ಳ ಪಟ್ಟೆ ಲಂಗ ಉಡಿಸಿದೆವು, ಅವಳ ಶಾಲು ಹೊದಿಸಿದೆವು, ಅವಳ ಒಲೆಯ ಮುಂದೆ ಅವಳ ಕುರ್ಚಿಯಲ್ಲಿ ಕೂರಿಸಿದೆವು, ಯಾಕೆಂದರೆ ಆ ಮನೆ ಅವಳದೇ. ಆದರೆ ಕೈಗಳನ್ನೇನು ಮಾಡುವುದು? ತಮ್ಮ ಕೈಗಳು ಬೆಣ್ಣೆಯಂತಿದ್ದವು, ಉಗುರುಗಳು ಬಾದಾಮಿಯಂತಿದ್ದವು. ಹೆರಿಂಗ್ ಮೀನಿನ ಹೊಟ್ಟೆ ಸೀಳಿದ ಕೈ ಹಾಗಿರುವುದಿಲ್ಲ. ನಮ್ಮಜ್ಜಿ ಬೆರಳುಗಳಿಗೆ ಹಳೆ ಬಟ್ಟೆ ಸುತ್ತಿಕೊಂಡು ಮೀನು ಸೀಳುತ್ತಿದ್ದಳು, ಉಪ್ಪು ಆ ಬಟ್ಟೆಯೊಳಗೂ ಇಳಿಯುತ್ತಿತ್ತು. ಕೊನೆಕೊನೆಗೆ ಭಾನುವಾರ ಪ್ರಾರ್ಥನೆಗೆ ಕೈ ಜೋಡಿಸಿದರೆ ಎರಡು ಹಸ್ತಗಳು ಪೂರ್ತಿ ಕೂಡುತ್ತಲೇ ಇರಲಿಲ್ಲ. ತಮ್ಮನ್ನು ನೋಡಿದ ಪ್ರವಾಸಿಗರು ಮಾತ್ರ ತಪ್ಪದೆ, "ಎಷ್ಟು ನೆಮ್ಮದಿ ನೋಡು ಆಗಿನವರದು, ಬೆಂಕಿ ಮುಂದೆ ಕೂತು ಹೆಣೆಯೋದೊಂದೇ ಕೆಲಸ!" ಎಂದು ನಿಟ್ಟುಸಿರು ಬಿಟ್ಟು ಐಸ್‌ಕ್ರೀಮ್ ತಿನ್ನಲು ಹೋಗುತ್ತಿದ್ದರು.

ಆ ಹೆಣೆಯುವ ಕೆಲಸದ ಬಗ್ಗೆಯೂ ಒಂದು ಮಾತು. ತಮ್ಮ ಕೈಯಲ್ಲಿರುವ ಕಾಲುಚೀಲ ಹನ್ನೆರಡು ವರ್ಷವಾದರೂ ಹಿಮ್ಮಡಿ ತಲುಪಿಲ್ಲ. ಇದೇ ಅವಧಿಯಲ್ಲಿ ನಾನು ಅರವತ್ತು ಜೊತೆ ಮುಗಿಸಿದ್ದೇನೆ. ಹೀಗಿದ್ದೂ ಊರಿನಲ್ಲಿ ಹೊಗಳಿಕೆ ತಮಗೆ ಮಾತ್ರ. ಶನಿವಾರ ಶನಿವಾರ ಬಾಗಿಲು ತೆಗೆದು, ಮೆಟ್ಟಿಲು ತಿಕ್ಕಿ, ಬಂದವರಿಗೆ ಮನೆ ತೋರಿಸುವ ನನ್ನನ್ನು ಕರೆದು ಸಮಿತಿಯ ಅಧ್ಯಕ್ಷರಾದ ಹೆಕ್ಟರ್ ಲೋವಿ ಮೇಷ್ಟ್ರು, "ಸ್ವಲ್ಪ ಕಡಿಮೆ ಮಾತಾಡಮ್ಮ ಜೆಸ್ಸಿ-ಆ್ಯನ್. ಜನ ಮನೆ ನೋಡೋಕೆ ಬರ್ತಾರೆ, ಉಪದೇಶ ಕೇಳೋಕಲ್ಲ. ಆ ಗ್ರಿಜೆಲಮ್ಮನ್ನ ನೋಡು, ಒಂದೇ ಒಂದು ದೂರು ಬಂದಿದೆಯಾ?" ಎಂದರು. ಅಂದಿನಿಂದ ತಮ್ಮ ಮೇಲೆ ನನಗೆ ಹೊಟ್ಟೆಯುರಿ. ಇದನ್ನು ದೇವರ ಮುಂದೆ ಹಲವು ಸಲ ಒಪ್ಪಿಕೊಂಡಿದ್ದೇನೆ, ಈಗ ಊರಿನ ಮುಂದೆಯೂ ಒಪ್ಪಿಕೊಳ್ಳುತ್ತೇನೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಇಪ್ಪತ್ತಾರು ಬಾಗಿಲುಗಳಿವೆ. ಚಳಿಗಾಲದಲ್ಲಿ ದೀಪ ಕಾಣುವುದು ಏಳರಲ್ಲಿ. ಉಳಿದವು ರಜೆಯ ಮನೆಗಳು. ಅವುಗಳ ಬಾಗಿಲ ಪಕ್ಕದಲ್ಲಿ, ಅಂಕಿ ಒತ್ತಿದರೆ ಕೀಲಿಕೈ ಕೊಡುವ ಪುಟ್ಟ ಡಬ್ಬವೊಂದು ಯಜಮಾನನ ಸ್ಥಾನದಲ್ಲಿ ಕೂತಿರುತ್ತದೆ. ಹದಿನಾಲ್ಕನೇ ನಂಬರನ್ನು ನಡೆಸಿಕೊಂಡು ಹೋಗುವುದು ಸಮಿತಿಯ ಕೈಲಿ ಇನ್ನು ಆಗದು. ರಾಜಧಾನಿ ಎಡಿನ್‌ಬರೋದ ಪರಂಪರೆ ಮಂಡಳಿ ತನ್ನ ಆಶ್ರಯಕ್ಕೆ ತೆಗೆದುಕೊಂಡರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಮಾರಾಟ. ಕೊಳ್ಳುವವರು ಈಗಾಗಲೇ ಬಂದು, ಗೋಡೆಯ ಗೂಡಿನೊಳಗೆ ಕೂರಿಸಿದ ಅಜ್ಜಿಯ ಮಂಚ ಇರುವಲ್ಲಿ, ಮೈ ಮುಳುಗಿಸಿ ಕೂರುವ ಬಿಸಿನೀರಿನ ತೊಟ್ಟಿ ಹಿಡಿಸುತ್ತದೆಯೇ ಎಂದು ಅಳತೆ ಹಿಡಿದುಕೊಂಡು ಹೋಗಿದ್ದಾರೆ. ನನ್ನ ತಾಯಿ ಹುಟ್ಟಿದ್ದು ಆ ಮಂಚದಲ್ಲಿ. ಅವರ ಅಳತೆಪಟ್ಟಿ ಜಾಗ ಎರಡು ಅಂಗುಲ ಕಡಿಮೆಯೆಂದು ತೋರಿಸಿದಾಗ ನಾನು ಮನಸ್ಸಿನಲ್ಲೇ ಸ್ತೋತ್ರ ಹೇಳಿದೆ. "ಮಂಚ ಕಿತ್ತರೆ ಕೂರುತ್ತೆ" ಎಂದರು ಅವರು.

ಹಾಗಾಗಿ ಮಂಡಳಿಯ ಪರಿವೀಕ್ಷಕರಾದ ಶ್ರೀ ಮಾಂಕ್ರೀಫ್ ಅವರು ಹೋದ ವಾರದ ಹಿಂದಿನ ಶನಿವಾರ ಹನ್ನೊಂದು ಗಂಟೆಗೆ ಬರುತ್ತಾರೆಂದು ತಿಳಿದಾಗ ನಾನು ಆರು ಗಂಟೆಗೇ ಎದ್ದು ಹದಿನಾಲ್ಕನೇ ನಂಬರಿಗೆ ಹೋದೆ. ಹಿತ್ತಾಳೆ ಉಜ್ಜಿದೆ, ಕಿಟಕಿ ಒರೆಸಿದೆ, ಮೆಟ್ಟಿಲ ಅಂಚಿಗೆ ಬಿಳಿ ಬಳಿದೆ. ಆಮೇಲೆ ಒಲೆಯ ಕಡೆ ನೋಡಿದೆ. ಅಲ್ಲಿ ಹನ್ನೆರಡು ವರ್ಷದಿಂದ ಇರುವುದು ಒಂದು ಕೆಂಪು ಬಲ್ಬು, ಅದರ ಮೇಲೆ ಮುದುಡಿದ ಕೆಂಪು ಕಾಗದ. ಅಜ್ಜಿ ಬದುಕಿದ್ದಷ್ಟು ದಿನ ಹೊರಗಿನವರು ಹೊಸ್ತಿಲು ದಾಟುವಾಗ ಅವಳ ಒಲೆ ಆರಿದ್ದನ್ನು ಯಾರೂ ಕಂಡವರಿಲ್ಲ. ಅಂಥ ಮನೆಗೆ, ಅದೂ ಮನೆಯ ಅಳಿವು ಉಳಿವು ಹೇಳಲು ಬರುವ ಅತಿಥಿಗೆ, ಬಲ್ಬು ತೋರಿಸುವುದೇ? ನನ್ನ ಕೈ ತಡೆಯಲಿಲ್ಲ. ಕಾಗದ ತೆಗೆದು, ದಡದಲ್ಲಿ ಆಯ್ದ ಕಟ್ಟಿಗೆ ಒಟ್ಟಿ, ಮೇಲೆ ಕಲ್ಲಿದ್ದಲು ಸುರಿದು, ಕೀರ್ತನೆ ಹೇಳಿಕೊಂಡು ಬೆಂಕಿ ಹಚ್ಚಿದೆ. ಕೆಟಲ್‌ಗೆ ನೀರು ತುಂಬಿ ಕೊಕ್ಕೆಗೆ ತೂಗುಹಾಕಿದೆ. ಮನೆ ಮನೆಯಾಯಿತು ಎಂದುಕೊಂಡು ಬೀದಿ ಗುಡಿಸಲು ಹೋದೆ.

ತಮ್ಮ ಮುಖ ಮೇಣದ್ದು, ಕುರ್ಚಿ ಒಲೆಯಿಂದ ಎರಡು ಅಡಿ ದೂರದಲ್ಲಿದೆ ಎಂಬ ಎರಡು ಸಂಗತಿಗಳು ನನಗೆ ಬೇರೆಬೇರೆಯಾಗಿ ಗೊತ್ತಿದ್ದವು. ಅವೆರಡನ್ನೂ ಕೂಡಿಸಿದ್ದು ನನ್ನ ಚಿಕ್ಕಮ್ಮನ ಮಗಳು ಎಫಿ ಕೌವಿ. ಹತ್ತೂ ಮುಕ್ಕಾಲಿಗೆ ಅವಳ ಕೂಗು ಬೀದಿಯ ತುದಿಗೆ ಕೇಳಿಸಿತು.

"ಏ ಜೆಸ್ಸಿ! ಬಾರೇ ಇಲ್ಲಿ! ಇವಳ ಮೂಗು ಎಲ್ಲೋಯ್ತೇ?"

ಓಡಿಹೋಗಿ ನೋಡಿದರೆ ತಮ್ಮ ಮೂಗು ಎದೆಯ ಮೇಲಿನ ಶಾಲಿನ ಗಂಟಿನಲ್ಲಿ ಕೂತಿತ್ತು. ಗಲ್ಲ ಕತ್ತಿನವರೆಗೆ ಇಳಿದಿತ್ತು. ಒಂದು ಕಣ್ಣು ನನ್ನನ್ನೂ ಇನ್ನೊಂದು ಕಣ್ಣು ನೆಲವನ್ನೂ ನೋಡುತ್ತಿತ್ತು.

"ಹನ್ನೆರಡು ವರ್ಷ ಬಾಯಿ ಬಿಡದೋಳು ಇವತ್ತು ಬಿಟ್ಟವ್ಳಲ್ಲೇ," ಎಂದಳು ಎಫಿ. "ಏನ್ ಮಾಡ್ದೆ ಅವಳಿಗೆ?"

"ಚಳಿ ಅಂತ ಬೆಂಕಿ ಹಾಕ್ದೆ."

"ಅವಳು ಕೇಳಿದ್ಲಾ?"

ಅಷ್ಟರಲ್ಲಿ ಲೋವಿ ಮೇಷ್ಟ್ರು ಬಂದರು, ನೋಡಿದರು, ಟೋಪಿ ತೆಗೆದರು. ಸಾವಿನ ಮನೆಯಲ್ಲಿ ನಿಂತಂತೆ ಅರ್ಧ ನಿಮಿಷ ನಿಂತು, ಆಮೇಲೆ ನನ್ನ ಕಡೆ ತಿರುಗಿದರು. "ಹದಿನೈದೇ ನಿಮಿಷ ಇದೆ. ಆ ಲಂಗ ನಿನಗೆ ಹಿಡಿಯುತ್ತಾ ಜೆಸ್ಸಿ-ಆ್ಯನ್? ಉಟ್ಕೊಂಡು ಕೂತ್ಕೊಮ್ಮ. ಅವರು ಅರ್ಧ ಗಂಟೆ ಇದ್ದು ಹೋಗ್ತಾರೆ. ಉಸಿರು ಮಾತ್ರ ಆಡು, ಬೇರೇನೂ ಆಡ್ಬೇಡ."

"ಅದು ಅವಳ ಕೈಲಾಗೋ ಕೆಲ್ಸಾನಾ ಮೇಷ್ಟ್ರೇ?" ಎಂದಳು ಎಫಿ.

ಆ ಮಾತು ನನ್ನನ್ನು ಕೆಣಕಿತೆಂದು ಒಪ್ಪಿಕೊಳ್ಳಬೇಕು. ತಮ್ಮನ್ನು ಬಲೆಕೋಣೆಗೆ ಹೊತ್ತು ಹಾಕಿ, ಅಜ್ಜಿಯ ಲಂಗ ಉಟ್ಟು, ಮುಖ ಅರ್ಧ ಮುಚ್ಚುವ ಹಾಗೆ ಶಾಲು ಹೊದ್ದು, ತಮ್ಮ ಕಾಲುಚೀಲ ಕೈಯಲ್ಲಿ ಹಿಡಿದು, ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ನಾನು ಮೇಣವಾದೆ.

ಮಾನ್ಯರೇ, ಆ ಕುರ್ಚಿಯಲ್ಲಿ ಕೂತ ಮೇಲೆ ತಮ್ಮ ಬಗ್ಗೆ ನನಗಿದ್ದ ತಾತ್ಸಾರವೆಲ್ಲ ಹಾರಿಹೋಯಿತು. ಬೆನ್ನಿಗೆ ಒಂದು ಮೊಳೆ ಚುಚ್ಚುತ್ತದೆ ಎಂದು ತಾವು ಹನ್ನೆರಡು ವರ್ಷ ಯಾರಿಗೂ ಹೇಳಲಿಲ್ಲವಲ್ಲ! ಏಳನೇ ನಿಮಿಷಕ್ಕೆ ನನ್ನ ಮೂಗಿನ ತುದಿ ತುರಿಸತೊಡಗಿತು, ಹತ್ತನೇ ನಿಮಿಷಕ್ಕೆ ಎಡಗಾಲು ಇದೆಯೋ ಇಲ್ಲವೋ ತಿಳಿಯದಾಯಿತು. ಸೂಜಿ ಕೈಯಲ್ಲಿದ್ದೂ ಹೆಣೆಯದೆ ಕೂರುವುದಂತೂ ಹಸಿದವರ ಮುಂದೆ ಸಾರು ಇಟ್ಟು ಮುಟ್ಟಬೇಡ ಎಂದಂತೆ; ಪರಿವೀಕ್ಷಕರು ಆ ಕಡೆ ತಿರುಗಿದ್ದಾಗ ನಾನು ಕಳ್ಳತನದಲ್ಲಿ ನಾಲ್ಕು ಸುತ್ತು ಹೆಣೆದೆ.

ಶ್ರೀ ಮಾಂಕ್ರೀಫ್ ಅವರು ಒಳ್ಳೆಯ ಮನುಷ್ಯರು, ಇದನ್ನು ಅವರಿಗೆ ಹೋಗುವ ಪ್ರತಿಯಲ್ಲೂ ಹೀಗೇ ಬರೆದಿದ್ದೇನೆ. ಹೊರಗಿನ ಚಳಿಯಿಂದ ಬೆಂಕಿಯ ಕೋಣೆಗೆ ಬಂದದ್ದರಿಂದ ಅವರ ಕನ್ನಡಕ ಮಸುಕಾಯಿತು. ಎರಡು ಸಲ ಒರೆಸಿ, ಆಮೇಲೆ ಬೇಸರದಿಂದ ಜೇಬಿಗೆ ಹಾಕಿಕೊಂಡರು. ಕನ್ನಡಕವಿಲ್ಲದ ಕಣ್ಣಿನಿಂದ ಅವರು ಅಜ್ಜಿಯ ಮನೆಯನ್ನು ನೋಡಿದಷ್ಟು ಪ್ರೀತಿಯಿಂದ ಕನ್ನಡಕವಿದ್ದವರು ಯಾರೂ ನೋಡಿಲ್ಲ. ಮಂಚ ಸವರಿದರು, ದೋಣಿಯ ದೀಪ ಎತ್ತಿ ಮೂಸಿದರು, "ನಿಜವಾದ ಬೆಂಕಿ! ಎಲ್ಲ ಕಡೆ ಬಲ್ಬು ಇಡ್ತಾರೆ ಸ್ವಾಮಿ, ನೀವೊಬ್ಬರೇ..." ಎಂದು ಮೇಷ್ಟ್ರ ಕೈ ಕುಲುಕಿದರು. ಮನೆ ಉಳಿಯಿತು ಎಂದುಕೊಂಡೆ. ಆಗ ಅವರು ಹಿಂದಿನ ಕಿಟಕಿಗೆ ಹೋಗಿ, ಅಂಗಳದಲ್ಲಿರುವ ಮೀನು ಹೊಗೆಯಾಡಿಸುವ ಗುಡಿಸಲನ್ನು ನೋಡಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕರಾವಳಿಯ ಮೀನುಗಾರರ ಮನೆಗಳಲ್ಲಿ ಒಂದು ಪ್ರಾಣಿಯ ಹೆಸರೆತ್ತುವಂತಿಲ್ಲ. ಎತ್ತಿದರೆ ದೋಣಿಗೆ ಕೇಡು. ಯಾರಾದರೂ ತಪ್ಪಿ ಎತ್ತಿದರೆ, ಕೇಳಿಸಿಕೊಂಡವರು ತಕ್ಷಣ ಹತ್ತಿರದ ಕಬ್ಬಿಣ ಮುಟ್ಟಿ "ತಣ್ಣನೆ ಕಬ್ಬಿಣ" ಎನ್ನಬೇಕು. ಇದು ಶುದ್ಧ ಮೂಢನಂಬಿಕೆ ಎಂದು ಇಪ್ಪತ್ತೆರಡು ವರ್ಷಗಳಿಂದ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿರುವವಳು ನಾನು. ಯೇಸುಸ್ವಾಮಿ ದೆವ್ವಗಳನ್ನು ಆ ಪ್ರಾಣಿಗಳ ಹಿಂಡಿನೊಳಗೆ ಅಟ್ಟಿ, ಹಿಂಡು ದಡದಿಂದ ನೀರಿಗೆ ಧುಮುಕಿದ ಅಧ್ಯಾಯವನ್ನು ಪಾದ್ರಿಗಳು ಓದುವಾಗ ಮುಂದಿನ ಸಾಲಿನ ಮುದುಕರು ಬೆಂಚಿನ ಮೊಳೆಗಳನ್ನು ಹುಡುಕಿ ಹುಡುಕಿ ಮುಟ್ಟುತ್ತಾರೆ. ಅವರ ಬೆನ್ನಿಗೆ ನಾನು ಎಂಥ ನೋಟ ನೆಡುತ್ತೇನೆಂದು ಊರಿಗೇ ಗೊತ್ತು. "ದೇವರ ಮನೇಲಿ ದೇವರಿಗಿಂತ ಮೊಳೆ ದೊಡ್ಡದಾ ನಿಮಗೆ?" ಎಂದು ಎಂಬತ್ತು ದಾಟಿದ ಡಾಡ್ ಸ್ಲೇಟರಜ್ಜನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದ್ದೇನೆ.

ಶ್ರೀ ಮಾಂಕ್ರೀಫ್ ಕಿಟಕಿಯಿಂದ ತಿರುಗಿ ಕೇಳಿದರು: "ಅಲ್ಲಿ ಏನ್ ಸಾಕ್ತಿದ್ರು? ಹಂದಿನಾ?" (ಇದನ್ನು ಬರೆಯುವಾಗ ನನ್ನ ಎಡಗೈ ಬಾಗಿಲ ಕೀಲಿಯ ಮೇಲಿದೆ. ಡಾಡಜ್ಜ ಓದಲಿ, ನಗಲಿ.)

ನನ್ನ ಕೈ ನನ್ನನ್ನು ಕೇಳಲಿಲ್ಲ. ಕಾಲುಚೀಲ ಬಿಟ್ಟು ಚಿಮ್ಮಿ, ಎದುರಿಗಿದ್ದ ಕೆಟಲ್ ಕೊಕ್ಕೆಯನ್ನು ಹಿಡಿಯಿತು. ನನ್ನ ಬಾಯಿಯೂ ನನ್ನನ್ನು ಕೇಳಲಿಲ್ಲ. "ತಣ್ಣನೆ ಕಬ್ಬಿಣ!" ಎಂದು ಅಜ್ಜಿಯ ಗಂಟಲಿನಲ್ಲಿ ಕೂಗಿತು. ಆದರೆ ಬೆಳಗಿನಿಂದ ಬೆಂಕಿಯ ಮೇಲಿದ್ದ ಆ ಕಬ್ಬಿಣ ತಣ್ಣಗಿರಲಿಲ್ಲ. ನಾನು ಕಿರುಚಲಿಲ್ಲವೆಂಬುದು ದೇವರ ಕೃಪೆ. ಹಲ್ಲುಗಳ ನಡುವೆ ಉದ್ದವಾಗಿ "ಸ್ಸ್ಸ್" ಎಂದು ಉಸಿರು ಹೋಯಿತು, ಅಷ್ಟೆ. ಕೈ ಹಿಂದಕ್ಕೆ ಬಂತು, ಕಾಲುಚೀಲ ಹಿಡಿಯಿತು, ನಾನು ಮತ್ತೆ ಮೇಣವಾದೆ.

ಮೇಷ್ಟ್ರ ಮುಖ ಬಿಳಿಚಿತು. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವರು, ಪಾಪ, ಅಭ್ಯಾಸವಿಲ್ಲದ ನಾಲಿಗೆಯಿಂದ, "ಅದು... ಮಾತು ಕೇಳಿದ್ರೆ ಆಡುತ್ತೆ ಸಾರ್. ಹೊಸ ವ್ಯವಸ್ಥೆ" ಎಂದರು.

"ಯಂತ್ರಾನಾ!" ಶ್ರೀ ಮಾಂಕ್ರೀಫ್ ಮಗುವಿನಂತೆ ಹಿಗ್ಗಿದರು. "ಯಾವ ಮಾತಿಗೆ? ಹಂ... ಅಂದಿದ್ದಕ್ಕಾ?" ಪೂರ್ತಿ ಅಂದರು, ನಾನು ಅರ್ಧ ಬರೆದಿದ್ದೇನೆ.

ಕೈ ಮತ್ತೆ ಚಿಮ್ಮಿತು. ಎರಡನೆಯ ಸಲವೂ ಅದು ನನ್ನ ಕೈವಾಡವಲ್ಲವೆಂದು ಪ್ರಮಾಣ ಮಾಡಬಲ್ಲೆ. ಮೂರನೆಯ ಸಲದ ಬಗ್ಗೆ ಮಾಡಲಾರೆ. ಮೂರನೆಯ ಸಲ ಅವರು ಬಾಯಿ ತೆರೆಯುವಾಗಲೇ ನನಗೆ ಗೊತ್ತಿತ್ತು: ಸುಮ್ಮನಿದ್ದರೆ ಬಯಲಾಗುತ್ತದೆ, ಮನೆ ಹೋಗುತ್ತದೆ, ಯಂತ್ರವಾದವಳು ಒಮ್ಮೆ ಮುಟ್ಟಿದ ಕಡೆಯೇ ಮುಟ್ಟಬೇಕು, ಪಕ್ಕದಲ್ಲೇ ಇರುವ ತಣ್ಣನೆಯ ಇಕ್ಕಳ ಮುಟ್ಟುವಂತಿಲ್ಲ. ಗೊತ್ತಿದ್ದೂ ಕೈ ಚಾಚಿದೆ. ನಾಲ್ಕನೆಯದು ದೂರದಿಂದ ಪರೀಕ್ಷೆ, ಐದನೆಯದು ಪಿಸುದನಿಯಲ್ಲಿ ಪರೀಕ್ಷೆ. "ಪಿಸುಗುಟ್ಟಿದ್ರೂ ಕೇಳುತ್ತೆ ಕಣ್ರೀ!" ಎಂದು ಅವರು ಚಪ್ಪಾಳೆ ತಟ್ಟಿದರು. ಹೊರಗಿನ ನಡೆಯಲ್ಲಿ ಎಫಿ ಶಾಲನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳಂತೆ. ಅಳುತ್ತಿದ್ದಾಳೆಂದು ತಿಳಿದು ಯಾರೋ ಪ್ರವಾಸಿಗರು ಸಮಾಧಾನ ಮಾಡಿ ಹೋದರಂತೆ.

ವರದಿ ಮೊನ್ನೆ ಶುಕ್ರವಾರ ಬಂತು. ಚರ್ಚಿನ ಹಜಾರದಲ್ಲಿ ಮೇಷ್ಟ್ರು ಎಲ್ಲರಿಗೂ ಓದಿ ಹೇಳಿದರು. ಮನೆ ಚಿಕ್ಕದು, ಸಂಗ್ರಹ ಸಾಧಾರಣ. ಆದರೆ ಮಾತಿಗೆ ಸ್ಪಂದಿಸುವ ಇಂಥ ಬೊಂಬೆ ಬೇರಾವ ಕರಾವಳಿ ಪಟ್ಟಣದಲ್ಲೂ ಕಂಡಿಲ್ಲ, ಒಳಗೆ ಹಬೆಯ ಸದ್ದು ಸಹ ಕೇಳಿಸುತ್ತದೆ, ಇದೊಂದರ ಸಲುವಾಗಿಯೇ ಮನೆಯನ್ನು ಮಂಡಳಿಯ ಆಶ್ರಯಕ್ಕೆ ತೆಗೆದುಕೊಳ್ಳಬಹುದು, ಅದಕ್ಕೆ ಮುಂಚೆ ಬರುವ ಗುರುವಾರ ಮಂಡಳಿಯ ಎಂಟೂ ಸದಸ್ಯರು ಖುದ್ದಾಗಿ ಬಂದು ಬೊಂಬೆಯನ್ನು ಪರೀಕ್ಷಿಸತಕ್ಕದ್ದು. ಹೀಗಿತ್ತು ಆ ವರದಿ. ಎಲ್ಲರೂ ಎದ್ದು ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಲೆಕ್ಕ ಹಾಕಿದೆ: ಎಂಟು ಜನ, ಒಬ್ಬೊಬ್ಬರು ಐದು ಸಲ.

ಎಲ್ಲರೂ ಹೋದ ಮೇಲೆ ನಾವು ಮೂವರೇ ಉಳಿದೆವು. ಮೇಷ್ಟ್ರು ನನ್ನ ಕಣ್ಣು ತಪ್ಪಿಸಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತ, "ಒಂದೇ ಒಂದು ಸಲ ಕೂತ್ಕೊಂಡ್ಬಿಡು ಜೆಸ್ಸಿ-ಆ್ಯನ್. ಆ ಕೊಕ್ಕೆ ತಣ್ಣಗಿರೋ ಹಾಗೆ ನಾನು ನೋಡ್ಕೋತೀನಿ. ಕಾಗದಕ್ಕೆ ರುಜು ಬೀಳ್ಲಿ, ಆಮೇಲೆ ಕೆಟ್ಟೋಯ್ತು ಅಂದ್ಬಿಡೋಣ. ಯಂತ್ರ ಕೆಡೋದಿಲ್ವಾ?" ಎಂದರು.

"ಹೋದ್ಸಲ ಬೆಚ್ಚಿಬಿದ್ದು ಆಗಿದ್ದು ಮೇಷ್ಟ್ರೇ," ಎಂದೆ. "ಈ ಸಲ ತಲೆ ಬಾಚ್ಕೊಂಡು, ಪ್ರಾರ್ಥನೆ ಮುಗಿಸ್ಕೊಂಡು ಹೋಗಿ ಮೋಸ ಮಾಡ್ಬೇಕಲ್ಲ."

"ಮನೆ ಹೋದ್ರೆ ನಿನ್ನ ಸತ್ಯಾನ ಎತ್ಕೊಂಡು ಎಲ್ಲಿ ಕೂರ್ತೀಯೇ?" ಎಂದಳು ಎಫಿ. ಅವಳ ಕಣ್ಣಲ್ಲಿ ಆಗ ನಗುವಿರಲಿಲ್ಲ. "ಅವರ ಬಿಸಿನೀರ ತೊಟ್ಟೀಲಾ?"

ನಿನ್ನೆ ಭಾನುವಾರ, ಆರಾಧನೆ ಮುಗಿದು ಬಾಗಿಲಲ್ಲಿ ಪಾದ್ರಿಗಳು ಎಲ್ಲರ ಕೈ ಕುಲುಕುವಾಗ ನನ್ನ ಕೈ ಕಂಡು, "ಅಯ್ಯೋ, ಏನಾಯ್ತಮ್ಮ?" ಎಂದರು. ಕೆಟಲ್ ಕೊಕ್ಕೆ ತಾಗಿತು ಎಂದೆ. "ಟೀ ಕಾಯಿಸ್ತಿದ್ರಾ?" ಎಂದರು. "ಹೂಂ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಹೂಂ! ಯಾವ ಮಾತಿಗೆ ಏನು ಹೇಳಬೇಕೆಂದು ಒಳಗೆ ಯಾರೋ ತಿರುಪು ಬಿಗಿದಿಟ್ಟ ಹಾಗೆ. ಮೆಟ್ಟಿಲಿಳಿಯುವಾಗ ನನಗೆ ಮೊದಲ ಸಲ ನಿಜವಾಗಿ ಭಯವಾಯಿತು. ಶ್ರೀ ಮಾಂಕ್ರೀಫ್ ಅವರ ವರದಿ ನಿಜವಾಗಲು ಹೊರಟಿತ್ತು.

ಆದ್ದರಿಂದ, ಮಾನ್ಯ ಗ್ರಿಜೆಲಮ್ಮನವರೇ, ಮೊದಲು ತಮ್ಮಲ್ಲೇ ವಿನಂತಿಸಿಕೊಳ್ಳುತ್ತೇನೆ. ತಾವು ದಯಮಾಡಿ ಗುರುವಾರದೊಳಗೆ ಮತ್ತೆ ಗಟ್ಟಿಯಾಗಿ, ಶಾಲಿನ ಗಂಟಿಗೆ ಇಳಿದಿದ್ದ ಮೂಗನ್ನು ಸ್ವಸ್ಥಾನಕ್ಕೆ ಕರೆಸಿಕೊಂಡು, ಎರಡು ಕಣ್ಣುಗಳನ್ನೂ ಒಂದೇ ದಿಕ್ಕಿಗೆ ಒಪ್ಪಿಸಿ, ಎರಡೇ ಎರಡು ಪದ ಮಾತಾಡಲು ಕಲಿತು, ಎಂಟು ಜನ ದೊಡ್ಡವರ ಮುಂದೆ ಕೈ ಚಾಚಿದರೆ ನನ್ನ ಜೀವ ಉಳಿಯುತ್ತದೆ. ತಾವು ಹಾಗೆ ಮಾಡಿದರೆ ಅದು ಮೋಸವಾಗುವುದಿಲ್ಲ, ಏಕೆಂದರೆ ತಮಗೆ ಆತ್ಮವಿಲ್ಲ. ಇಂಥ ಸೌಕರ್ಯ ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಇಲ್ಲ. ಇದಾಗದಿದ್ದರೆ ಕನಿಷ್ಠ ಪಕ್ಷ ತಾವು ಮಂಡಳಿಗೆ ಒಂದು ಹೇಳಿಕೆ ಬರೆದುಕೊಟ್ಟು, ಕರಗಿದ್ದು ನನ್ನ ಸ್ವಂತ ಇಚ್ಛೆಯಿಂದ, ಬೆಂಕಿ ಹಚ್ಚಿದ ಹೆಂಗಸು ನಿರಪರಾಧಿ ಎಂದು ತಿಳಿಸಬೇಕು.

ಇಂದು ಬೆಳಗ್ಗೆ ಬಲೆಕೋಣೆಗೆ ಬಂದು ತಮ್ಮ ಮುಂದೆ ಅರ್ಧ ಗಂಟೆ ಕಾದೆ. ತಾವು ಯಾವುದಕ್ಕೂ ಒಪ್ಪುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಶ್ರೀ ಮಾಂಕ್ರೀಫ್ ಅವರಿಗೂ ಮಂಡಳಿಯ ಎಂಟು ಸದಸ್ಯರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಹದಿನಾಲ್ಕನೇ ನಂಬರಿನಲ್ಲಿ ಯಾವ ಯಂತ್ರವೂ ಇಲ್ಲ. ತಾವು ಕಂಡದ್ದು ಜೆಸ್ಸಿ-ಆ್ಯನ್ ಮೇರ್ ಎಂಬ ಹೆಂಗಸು, ಕೇಳಿದ ಹಬೆ ಅವಳ ನೋವು. ಮೇಷ್ಟ್ರದು ತಪ್ಪಿಲ್ಲ, ಅವರು ಮನೆಯ ಮೇಲಿನ ಪ್ರೀತಿಗೆ ಹಾಗೆಂದರು. ಮೂರನೆಯ ಸಲ ತಿಳಿದೂ ಕೈ ಚಾಚಿದವಳು ನಾನು. ಶಿಫಾರಸು ಹಿಂದಕ್ಕೆ ತೆಗೆದುಕೊಂಡರೆ ಯಾರೂ ತಮ್ಮನ್ನು ದೂರುವುದಿಲ್ಲ. ಹಿಂದಕ್ಕೆ ತೆಗೆದುಕೊಂಡ ಮೇಲೂ, ಗುರುವಾರದ ರೈಲಿಗೆ ಟಿಕೆಟ್ ಆಗಿಬಿಟ್ಟಿದೆಯೆಂಬ ಕಾರಣಕ್ಕಾದರೂ, ಎಂಟೂ ಜನ ಬರಬೇಕೆಂದು ಬೇಡಿಕೊಳ್ಳುತ್ತೇನೆ.

ತಾವು ಬಂದಾಗ ಕುರ್ಚಿಯಲ್ಲಿ ನಾನೇ ಇರುತ್ತೇನೆ. ಆದರೆ ಎದ್ದು ನಿಲ್ಲುತ್ತೇನೆ. ಮಳೆಗೆ ನೆನೆದಿದ್ದರೆ ಕೋಟು ಬಿಚ್ಚಿಸಿ ಒಣಗಲು ಹಾಕುತ್ತೇನೆ, ಟೀಗೆ ಹಾಲು ಮೊದಲೋ ಆಮೇಲೋ ಎಂದು ಒಬ್ಬೊಬ್ಬರನ್ನೂ ಕೇಳುತ್ತೇನೆ. ಅಜ್ಜಿಯ ಕೈಗಳ ಬಗ್ಗೆ ಹೇಳುತ್ತೇನೆ. ಮಂಚದಲ್ಲಿ ಹುಟ್ಟಿದ ಒಂಬತ್ತು ಮಕ್ಕಳ ಹೆಸರು ಹೇಳುತ್ತೇನೆ, ಅವರಲ್ಲಿ ಸಮುದ್ರ ವಾಪಸು ಕೊಡದ ಮೂವರ ಹೆಸರನ್ನು ಬೇರೆಯಾಗಿ ಹೇಳುತ್ತೇನೆ. ಬಹಳ ಮಾತಾಡುತ್ತೇನೆ, ಮೇಷ್ಟ್ರು ಕೆಮ್ಮಿದರೂ ನಿಲ್ಲಿಸುವುದಿಲ್ಲ. ಮಂಡಳಿಗೆ ಬೇಕಾದದ್ದು ಬೊಂಬೆಯೇ ಆಗಿದ್ದರೆ ನಮ್ಮ ಮನೆ ಹೋಯಿತು. ಆ ಒಲೆಯ ಮುಂದೆ ಕೂತು ಮಾತಾಡುವ ಒಬ್ಬ ಮನುಷ್ಯಳಾದರೂ ಆದೀತು ಎನ್ನುವುದಾದರೆ, ಒಬ್ಬಳಿದ್ದಾಳೆ, ಪ್ರತಿ ಶನಿವಾರ ಸಿಗುತ್ತಾಳೆ.

ಇಷ್ಟು ಬರೆಯುವಷ್ಟರಲ್ಲಿ ಬೆರಳು ಮತ್ತೆ ಉರಿಯುತ್ತಿದೆ, ಮನಸ್ಸು ಮಾತ್ರ ತಣ್ಣಗಾಗಿದೆ.

ಕುರ್ಚಿಯ ಮಟ್ಟಿಗೆ ತಮ್ಮ ಸಹೋದ್ಯೋಗಿಯೂ, ಮೌನದ ಮಟ್ಟಿಗೆ ತಮಗೆ ಎಂದೂ ಸಾಟಿಯಾಗದವಳೂ ಆದ ತಮ್ಮ ವಿಶ್ವಾಸಿ,
ಜೆಸ್ಸಿ-ಆ್ಯನ್ ಮೇರ್

ಮರೆತ ಮಾತು: ವರದಿಯ ನಾಲ್ಕನೇ ಪುಟವನ್ನು ಮೇಷ್ಟ್ರು ಸಭೆಯಲ್ಲಿ ಓದದೆ ಮಗುಚಿದ್ದರು, ನಾನು ಆಮೇಲೆ ಕೇಳಿ ಪಡೆದು ಓದಿದೆ. ಅಲ್ಲಿ ಶ್ರೀ ಮಾಂಕ್ರೀಫ್ ಅವರು, ಯಂತ್ರ ಉತ್ತಮವಾಗಿದ್ದರೂ ಮುಖದ ಕೆಲಸ ಒರಟು, ವಯಸ್ಸು ಎಪ್ಪತ್ತೈದರಂತೆ ಕಾಣುತ್ತದೆ, ದವಡೆ ಅನಗತ್ಯವಾಗಿ ಬಿಗಿದಿದೆ, ತಯಾರಿಸಿದವರಿಗೆ ಹೇಳಿ ಸರಿಪಡಿಸುವುದು ಒಳ್ಳೆಯದು ಎಂದು ಬರೆದಿದ್ದಾರೆ. ಕಳೆದ ಫೆಬ್ರವರಿಗೆ ನನಗೆ ಐವತ್ತು ತುಂಬಿತು. ತಯಾರಿಸಿದವನಿಗೆ ನಾನು ಈ ಬಗ್ಗೆ ಹದಿನಾರನೇ ವಯಸ್ಸಿನಿಂದ ಹೇಳುತ್ತಲೇ ಬಂದಿದ್ದೇನೆ, ಪ್ರಯೋಜನವಾಗಿಲ್ಲ. ಶ್ರೀ ಮಾಂಕ್ರೀಫ್ ಅವರು ಸ್ವತಃ ದೂರು ಕೊಡುವುದಾದರೆ ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಚರ್ಚಿಗೆ ಬರಬಹುದು, ಆತ ಅಲ್ಲಿ ಇರುತ್ತಾನೆ.